ಎರಡು ಬಾಯಿಯ ಟೇಪು, ಒಂದು ಕಿವಿಯ ಟೇಪು

ದೇವದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಮೈಕ್ ಮುಂದೆ ಕೂತು ಬಸ್ಸುಗಳ ಹೆಸರು ಕೂಗುವ ಗಡಿಗೆಪ್ಪನಿಗೆ ಯಂತ್ರಗಳ ಬಗ್ಗೆ ಏನೇನೂ ಗೊತ್ತಿರಲಿಲ್ಲ. ಈ ಸಂಗತಿ ಊರಿನಲ್ಲಿ ಅವನೊಬ್ಬನಿಗೆ ಮಾತ್ರ ತಿಳಿದಿತ್ತು, ಅವನಿಗೂ ಆಗಾಗ ಮರೆತುಹೋಗುತ್ತಿತ್ತು. "ಗಬ್ಬೂರ ಮ್ಯಾಲ ರಾಯಚೂರು, ಗಬ್ಬೂರ ಮ್ಯಾಲ ರಾಯಚೂರು" ಎಂದು ಅವನು ಎರಡೆರಡು ಸಲ ಕೂಗಿದರೆ ಸಂತೆಯ ಆಚೆ ತುದಿಯವರೆಗೂ ಕೇಳುತ್ತಿತ್ತು. ಅಂಥ ದನಿಯುಳ್ಳವನಿಗೆ ದನಿಯ ಯಂತ್ರ ತಿಳಿಯದೆ ಇದ್ದೀತೇ ಎಂದು ಜನ ತಾವೇ ತೀರ್ಮಾನ ಮಾಡಿಬಿಟ್ಟಿದ್ದರು. ಯಾರ ರೇಡಿಯೋ ಗೊರಗೊರ ಅಂದರೂ ಅವನ ಬಳಿ ತರುತ್ತಿದ್ದರು. ಅವನು ಅದನ್ನು ಕಿವಿಗೆ ಹಿಡಿದು, ಕಣ್ಣು ಮುಚ್ಚಿ, "ಒಳಗ ಕಾಯಿಲ್ ಹೋಗ್ಯದ" ಎನ್ನುತ್ತಿದ್ದ. ಒಮ್ಮೊಮ್ಮೆ ನಿಜವಾಗಿಯೂ ಕಾಯಿಲ್ ಹೋಗಿರುತ್ತಿತ್ತು. ಹೆಸರು ಉಳಿಯುವುದಕ್ಕೆ ಅಷ್ಟು ಸಾಕು.

ಈ ಹೆಸರೇ ಅವನನ್ನು ಮಾವನ ಮನೆಯಲ್ಲಿ ಸಿಕ್ಕಿಸಿದ್ದು.

ಮಾವ ಉರುಕುಂದಪ್ಪ ಅರಕೇರಾದವನು. ವಯಸ್ಸಾಗಿ ಎರಡೂ ಕಣ್ಣು ಹೋಗಿದ್ದವು, ಕತೆ ಮಾತ್ರ ಒಂದೂ ಹೋಗಿರಲಿಲ್ಲ. ಅವನದೊಂದು ಪದ್ಧತಿ. ಒಂದು ಮಾತು ಹೇಳುತ್ತಾನೆ, ನಿಲ್ಲುತ್ತಾನೆ. ಕೇಳುವವರು "ಹೂಂ" ಅನ್ನಬೇಕು. ಅಂದರೆ ಕತೆ ಮುಂದಕ್ಕೆ ಹೋಗುತ್ತದೆ. ಹೂಂ ಬರದಿದ್ದರೆ ಎಲ್ಲರೂ ಮಲಗಿದರು ಎಂದು ಲೆಕ್ಕ. "ಹಾಂ, ಮಲಕ್ಕೊಳ್ರಿ" ಎಂದು ಕಂಬಳಿ ಎಳೆದುಕೊಳ್ಳುತ್ತಾನೆ. ನಮ್ಮ ಕಡೆ ಕತೆ ಹೇಳುವವರೆಲ್ಲರದೂ ಇದೇ ಪದ್ಧತಿಯೇ, ಆದರೆ ಉರುಕುಂದಪ್ಪನದು ಕಟ್ಟುನಿಟ್ಟು. ಅವನ ಇಬ್ಬರು ಹೆಣ್ಣುಮಕ್ಕಳು, ಗಡಿಗೆಪ್ಪನ ಹೆಂಡತಿ ನೀಲಗಂಗಮ್ಮ ಮತ್ತು ಮಾನ್ವಿಗೆ ಕೊಟ್ಟ ಸಣ್ಣವಳು ಮಹಾಂತಮ್ಮ, ಹುಡುಗಿಯರಾಗಿದ್ದಾಗ ಕೆಂಡದ ಕತೆಯನ್ನು ಎಷ್ಟೋ ಸಲ ಕೇಳಿದ್ದರು. ಪ್ರತಿ ಸಲವೂ ನಡುವೆಯೇ ನಿದ್ದೆ ಹತ್ತಿ ಕೊನೆ ಕೇಳಿರಲಿಲ್ಲ.

ಆ ಕತೆ ಹೀಗೆ. ಒಂದು ಮನೆಯಲ್ಲಿ ಅಕ್ಕ ತಂಗಿ ಇಬ್ಬರೇ. ಒಲೆ ಆರಿಹೋಯಿತು. ಅಕ್ಕ ಮನೆ ಕಾಯುತ್ತಾ ಕೂತಳು, ತಂಗಿ ಕೆಂಡ ತರಲು ಹೊರಟಳು. ದೂರದಲ್ಲೊಂದು ದೀಪ. ಅಲ್ಲೊಬ್ಬ ಮುದುಕಿ ಬೆನ್ನು ಮಾಡಿ ಕೂತಿದ್ದಾಳೆ. ಮುಖ ತೋರಿಸದೆಯೇ ಅಂಗೈ ಮೇಲೆ ಕೆಂಡ ಇಟ್ಟಳು. "ಹಿಂದಕ್ಕ ಹೊಳ್ಳಿ ನೋಡಬ್ಯಾಡ" ಎಂದಳು. ತಂಗಿ ಹೊಳ್ಳಿ ನೋಡಿದಳು. ಮನೆಗೆ ಬಂದು ಬಾಗಿಲು ಬಡಿದರೆ, ಹೊರಗೆ ನಿಂತವರು ಒಬ್ಬಳಲ್ಲ, ಇಬ್ಬರು. ಅದೇ ಮುಖ, ಅದೇ ಸೀರೆ, ಅದೇ ಕೆಂಡ. ಅಕ್ಕ ಯಾರನ್ನು ಒಳಗೆ ಕರೆಯಬೇಕು?

ಇಲ್ಲಿಂದ ಮುಂದೆ ಏನಾಯಿತು ಎಂಬುದು ಉರುಕುಂದಪ್ಪನಿಗೆ ಮಾತ್ರ ಗೊತ್ತು. ಅದನ್ನು ಹಿಡಿದಿಡಬೇಕೆಂದು ಹಿರಿಯ ಅಳಿಯ ತನ್ನ ಟೇಪ್‌ರೆಕಾರ್ಡರ್ ಹೊತ್ತುಕೊಂಡು ಅರಕೇರಾಕ್ಕೆ ಹೋದ. ಮಾವನ ಮುಂದೆ ಅದನ್ನು ಇಟ್ಟು, ಎಲ್ಲರಿಗೂ ಬೆರಳು ತೋರಿಸಿ ಅಪ್ಪಣೆ ಕೊಟ್ಟ: "ಯಾರೂ ಉಸುರು ಬಿಡಬ್ಯಾಡ್ರಿ. ಹೂಂ ಗೀಂ ಅಂದ್ರ ಕ್ಯಾಸೆಟ್ ಕೆಡ್ತದ."

ಉರುಕುಂದಪ್ಪ ಕತೆ ಹೇಳಿದ. ನಿಂತ. ಹೂಂ ಬರಲಿಲ್ಲ. ಅನುಮಾನದಿಂದಲೇ ಮತ್ತೊಂದು ಮಾತು ಹೇಳಿದ. ಇಬ್ಬರು ತಂಗಿಯರು ಬಾಗಿಲಿಗೆ ಬರುವ ತನಕ ಹೇಗೋ ಎಳೆದ. "ಯಾರನ್ನ ಒಳಗ ಕರೀಬೇಕು?" ಎಂದು ಕೇಳಿ, ಬಹಳ ಹೊತ್ತು ಕಾದ. ಗಡಿಗೆಪ್ಪ "ಮುಂದ ಹೇಳ್ರಿ" ಎಂದು ಜೋರಾಗಿ ಕೈಸನ್ನೆ ಮಾಡಿದ. ಕಣ್ಣಿಲ್ಲದವನಿಗೆ ಕೈಸನ್ನೆ ಮಾಡಿದ ಮಹಾನುಭಾವ ಅವನೊಬ್ಬನೇ ಇರಬೇಕು.

"ಮಲಗೀರೇನು?" ಎಂದ ಮುದುಕ. "ಹಾಂ, ಮಲಕ್ಕೊಳ್ರಿ."

ನಾಳೆ ಮತ್ತೊಮ್ಮೆ ಹಿಡಿದರಾಯಿತು ಎಂದುಕೊಂಡರು. ಮರುದಿನ ಮುದುಕನಿಗೆ ಜ್ವರ ಬಂತು. ಅದೇ ವಾರದಲ್ಲಿ ಹಣೆ ತುಂಬ ವಿಭೂತಿ ಬಳಿದು ಅವನನ್ನು ಹೊಲದಲ್ಲಿ ಮಣ್ಣಿಗೆ ಕೂರಿಸಿ ಬಂದರು.

ಉಳಿದದ್ದು ಒಂದು ಕ್ಯಾಸೆಟ್ಟು. ಕೇಳುವವರು ಇಬ್ಬರು. "ಹಿರೇಮಗಳು ನಾನು, ನನ್ನ ಕಡೇನs ಇರಲಿ" ಎಂದಳು ನೀಲಗಂಗಮ್ಮ. "ಅಪ್ಪನ ಜೀವ ಇದ್ದದ್ದು ನನ್ನ ಮ್ಯಾಲ" ಎಂದಳು ಮಹಾಂತಮ್ಮ. ಮಾತಿಗೆ ಮಾತು ಬೆಳೆದು, ಒಡಹುಟ್ಟಿದವರು ಒಬ್ಬರ ಮನೆ ಹೊಸ್ತಿಲು ಒಬ್ಬರು ತುಳಿಯದೆ ವರುಷ ತುಂಬುತ್ತಾ ಬಂತು. ಅರಕೇರಾದಲ್ಲಿ ಅಪ್ಪನ ವರ್ಷದ ಪುಣ್ಯತಿಥಿ ಹತ್ತಿರವಾಯಿತು. "ಅಕಿ ಬಂದ್ರ ನಾ ಬರಂಗಿಲ್ಲ" ಎಂದು ಇಬ್ಬರೂ ಹೇಳಿಕಳಿಸಿದ್ದರು. ನೀಲಗಂಗಮ್ಮ ಕೊನೆಗೆ ಗಂಡನ ಮುಂದೆ ಕ್ಯಾಸೆಟ್ಟು ತಂದಿಟ್ಟಳು.

"ನೀವು ಮಷೀನಿನ ಮಂದಿ ಅಲಾ? ಇದನ್ನ ಎರಡು ಮಾಡ್ರಿ. ಅಕಿಗೊಂದು, ನನಗೊಂದು. ಅಪ್ಪನ ದನಿ ಕೆಡಿಸಿದ್ರ ಮಾತ್ರ, ನೋಡ್ರಿ, ಈ ಮನ್ಯಾಗ ನನ್ನ ದನಿ ನೀವು ಕೇಳಂಗಿಲ್ಲ."

ಗಡಿಗೆಪ್ಪ ಎದೆಯುಬ್ಬಿಸಿ ರಾಯಚೂರಿನ ಬಸ್ಸು ಹತ್ತಿದ. ಒಳಗೆ ಮಾತ್ರ ಹೆಂಡತಿಯ ಮಾತೇ ಕೊರೆಯುತ್ತಿತ್ತು. ನೀಲಗಂಗಮ್ಮ ಆಡಿದ ಮಾತಿಗೆ ತಪ್ಪುವವಳಲ್ಲ, ಹಾಗೂ ಅವಳ ಮಾತಿಲ್ಲದ ಮನೆಯಲ್ಲಿ ಒಂದು ಸಂಜೆ ಕಳೆಯುವುದೂ ಅವನಿಂದಾಗುತ್ತಿರಲಿಲ್ಲ.

ರಾಯಚೂರಿನ ಬಸ್‌ಸ್ಟ್ಯಾಂಡಿನ ಎದುರಿಗೇ ಸೈಫುದ್ದೀನನ ಟೇಪು-ರೇಡಿಯೋ ಅಂಗಡಿ. ಸೈಫುದ್ದೀನ್ ತೆಳ್ಳಗಿನ ಮನುಷ್ಯ, ಗಿರಾಕಿ ಮಾತಾಡುವಾಗ ಅವನ ಮುಖ ನೋಡುವುದಿಲ್ಲ, ಗಂಟಲು ನೋಡುತ್ತಾನೆ. ಅವನು ಎರಡು ಯಂತ್ರಗಳನ್ನು ಎದುರಿಗಿಟ್ಟ.

"ಇದು ಎರಡು ಬಾಯಿದು ಸಾಬ್. ಹೊಸಾ ಮಾಲು. ಈ ಬಾಯಾಗ ಅಸಲಿ ಇಡ್ರಿ, ಆ ಬಾಯಾಗ ಖಾಲಿ ಇಡ್ರಿ, ಗುಂಡಿ ಒತ್ರಿ. ಒಳಗಿಂದೊಳಗs ಕಾಪಿ ಆಗ್ತದ. ಹೊರಗ ಗುಡುಗು ಬಡದ್ರೂ ಇದಕ್ಕ ಕೇಳಂಗಿಲ್ಲ. ಪೂರಾ ಕಿವುಡು."

"ಮತ್ತ ಇದು?"

"ಇದು ಒಂದು ಬಾಯಿದು. ಹಳೇದು, ಆದ್ರ ಜೀವ ಗಟ್ಟಿ. ಇಗಾ, ಈ ಜಾಳಿಗಿ ಹಿಂದ ಮೈಕ್ ಅದ. ಅದು ಇದರ ಕಿವಿ. ನಿಮ್ಮ ಮನ್ಯಾಗಿನ ಟೇಪಿನ ಎದುರಿಗೆ ಇಡ್ರಿ. ಅದು ಹೇಳ್ತದ, ಇದು ಕೇಳಿಸ್ಕೊಂಡು ತುಂಬ್ಕೊಂತದ. ಖರೆ ಇದು ಎಲ್ಲಾನೂ ಕೇಳ್ತದ ಸಾಬ್. ನೀವು ಇಲ್ಲಿ ಸೀನಿದ್ರ ಕ್ಯಾಸೆಟ್ಟಿನಾಗೂ ಸೀನು."

ಗಡಿಗೆಪ್ಪ ಗಂಭೀರವಾಗಿ ಪರೀಕ್ಷೆಗೆ ಇಳಿದ. ಎರಡನ್ನೂ ಎತ್ತಿ ತೂಕ ನೋಡಿದ. ಬೆರಳ ಗೆಣ್ಣಿನಿಂದ ಬಡಿದು ಕುಂಬಳಕಾಯಿ ಕೊಳ್ಳುವವನ ಹಾಗೆ ಸದ್ದು ಕೇಳಿದ. ಕೆಂಪು ದೀಪ ಯಾವುದರದು ಹೆಚ್ಚು ಕೆಂಪು ಎಂದು ವಿಚಾರಿಸಿದ. ಎರಡು ಬಾಯಿಯದಕ್ಕೆ ಕರೆಂಟು ಎರಡು ಪಟ್ಟು ಬೇಕೇ ಎಂದ. ಅಸಲಿ ಯಾವ ಬಾಯಿಯದು, ನಕಲಿ ಯಾವ ಬಾಯಿಯದು ಎಂದು ತಿಳಿಯದೆ ತಾನು ಅದಲುಬದಲು ಮಾಡಿದರೆ ಅಸಲಿಯೇ ಅಳಿಸಿಹೋಗುತ್ತದೆಯೇ ಎಂದೂ ಕೇಳಿದ. "ಹೌದು, ಸಾಫ್ ಆಗ್ತದ" ಎಂದ ಸೈಫುದ್ದೀನ್. ಗಡಿಗೆಪ್ಪನಿಗೆ ಕಣ್ಣ ಮುಂದೆ ಹೆಂಡತಿ ಬಂದು ನಿಂತಳು. ಎರಡು ಬಾಯಿಯದನ್ನು ಕೈಯಿಂದ ದೂರ ಸರಿಸಿದ.

"ಒಂದು ಬಾಯಿದನ್ನs ಒಯ್ರಿ. ನೋಡ್ರಿ, ಸರಿ ಬಂದ್ರ ಇಟ್ಕೊಳ್ರಿ, ಇಲ್ಲಂದ್ರ ವಾಪಸ್ ತರ್ರಿ" ಎಂದು ಸೈಫುದ್ದೀನ್ ಅದನ್ನು ಬಟ್ಟೆಯಲ್ಲಿ ಸುತ್ತಿಕೊಟ್ಟ. ಆಮೇಲೆ ಗಂಟಲು ನೋಡುವುದನ್ನು ಬಿಟ್ಟು ಮೊದಲ ಸಲ ಮುಖ ನೋಡಿದ. "ಹೋದವರ ದನಿ ಅಂದ್ರಿ. ಒಂದು ಮಾತು ಹೇಳ್ತೀನಿ. ಕಾಪಿ ಆಗೋ ಮುಂದ ಸುಮ್ನ ಕುಂಡ್ರಿ. ಅವರು ಏನರ ಕೇಳಿದ್ರ ಜವಾಬು ಕೊಡಬ್ಯಾಡ್ರಿ."

ಇದು ಯಾವುದೋ ಟೆಕ್ನಿಕಲ್ ವಿಷಯವಿರಬೇಕು ಎಂದುಕೊಂಡು ಗಡಿಗೆಪ್ಪ ತಲೆಯಾಡಿಸಿದ.

ಮರುದಿನ ಮಧ್ಯಾಹ್ನ ಊಟ ಮುಗಿಸಿ, ಹೆಂಡತಿಯನ್ನು ಹಿಟ್ಟಿನ ಗಿರಣಿಗೆ ಕಳಿಸಿ, ಬಾಗಿಲು ಕಿಟಕಿ ಮುಚ್ಚಿ, ಸಂದಿಗೆಲ್ಲ ಹಳೆ ಕೌದಿ ತುರುಕಿದ. ಕೋಣೆ ಕತ್ತಲಾಯಿತು. ಎರಡು ಟೇಪುಗಳನ್ನು ಹಲಗೆಯ ಮೇಲೆ ಮುಖಾಮುಖಿ ಕೂರಿಸಿದ. ಗುಂಡಿ ಒತ್ತಿದ. ಕೆಂಪು ದೀಪ ಹತ್ತಿತು. ಮೊದಲು ಸುಯ್ ಎನ್ನುವ ಸದ್ದು, ಯಾರೋ ಮೂಗಿನಲ್ಲಿ ಉಸಿರಾಡಿದ ಹಾಗೆ. ಆಮೇಲೆ ಮಾವನ ಕೆಮ್ಮು. ಗಡಿಗೆಪ್ಪ ತನಗರಿವಿಲ್ಲದೆ ಚಾಚಿದ ಕಾಲು ಮಡಿಚಿಕೊಂಡ.

"ಒಂದೂರಾಗ ಅಕ್ಕ ತಂಗಿ ಇಬ್ಬರs ಇದ್ರು" ಎಂದಿತು ದನಿ. ನಿಂತಿತು.

"ಹೂಂರೀ" ಎಂದ ಗಡಿಗೆಪ್ಪ.

ಬಾಯಿ ಮೇಲೆ ತಾನೇ ಹೊಡೆದುಕೊಂಡ. ಮುಂದಿನ ಮಾತು ಬಂತು, ನಿಂತಿತು. ಹಿರಿಯರು ಮಾತು ನಿಲ್ಲಿಸಿ ಕಾಯುತ್ತಿರುವಾಗ ಸುಮ್ಮನಿರುವುದು ಹೇಗೆ? ಹುಟ್ಟಿದಾಗಿನಿಂದ ಬಂದ ರೂಢಿ, ಮೂಗು ಹಿಡಿದರೂ ನಿಲ್ಲುವುದಿಲ್ಲ. "ಹೂಂರೀ ಮಾವಾರ" ಎಂದ ಮತ್ತೆ. ಸ್ವಲ್ಪ ಹೊತ್ತಿನಲ್ಲಿ ಹೋರಾಟ ಬಿಟ್ಟುಕೊಟ್ಟ. ಕತ್ತಲು, ಸೆಕೆ, ಹೊಟ್ಟೆ ತುಂಬ ಜೋಳದ ರೊಟ್ಟಿ, ಮಾವನ ಮೆತ್ತನೆಯ ದನಿ. ಎಲ್ಲರಿಗೂ ಆಗುತ್ತಿದ್ದದ್ದೇ ಅವನಿಗೂ ಆಯಿತು. ಕೂತಲ್ಲೇ ಜೋಲಿ ಹೊಡೆದ. ನಿದ್ದೆಯಲ್ಲೂ ಹೂಂ ಅನ್ನುತ್ತಲೇ ಇದ್ದ.

ಎಚ್ಚರವಾದಾಗ ಎರಡೂ ಯಂತ್ರಗಳು ತೆಪ್ಪಗೆ ನಿಂತಿದ್ದವು. ಹೊಸ ಕ್ಯಾಸೆಟ್ಟು ಹಾಕಿ ಮೊದಲ ಸ್ವಲ್ಪ ಭಾಗ ಮಾತ್ರ ಕೇಳಿದ. ಮಾವನ ದನಿ ಸ್ಪಷ್ಟವಾಗಿತ್ತು. ಜೊತೆಗೆ ಪಕ್ಕದ ಮನೆಯ ಕೋಳಿ ಇತ್ತು, ಅವನ ಹೂಂ ಇತ್ತು. ಮಾನ್ವಿಯ ಬಸ್ಸಿಗೆ ಹೊತ್ತಾಗಿತ್ತು. ಇಷ್ಟು ಸಣ್ಣ ಹೂಂ ಯಾರಿಗೆ ಕೇಳೀತು ಎಂದು ಕ್ಯಾಸೆಟ್ಟನ್ನು ಕಾಗದದಲ್ಲಿ ಸುತ್ತಿ ಕಂಡಕ್ಟರ್ ಪಕೀರಪ್ಪನ ಕೈಗೆ ಕೊಟ್ಟ. ಪಕೀರಪ್ಪ ಆ ಮಾರ್ಗದಲ್ಲಿ ಕೊತ್ತಂಬರಿಯಿಂದ ಹಿಡಿದು ಬೀಗರ ಜಗಳದವರೆಗೆ ಎಲ್ಲವನ್ನೂ ಮುಟ್ಟಿಸುವವನು.

ಗಿರಣಿಯಿಂದ ಬಂದ ನೀಲಗಂಗಮ್ಮನನ್ನು ಪಕ್ಕದ ಮನೆಯ ಕಮರುನ್ನೀಸಾ ಅಂಗಳದಲ್ಲೇ ತಡೆದಳು. ಅಕ್ಕಿ ಆರಿಸುತ್ತಿದ್ದ ಮೊರ ಅವಳ ಕಾಲ ಬಳಿ ಬೋರಲು ಬಿದ್ದಿತ್ತು. ಕೋಳಿಗಳು ಅಕ್ಕಿ ತಿನ್ನುತ್ತಿದ್ದವು, ಅವಳಿಗೆ ಪರಿವೆ ಇರಲಿಲ್ಲ.

"ಅಕ್ಕಾ, ನಿಮ್ಮ ಅಪ್ಪ ಬಂದಿದ್ರು."

"ಯಾವ ಅಪ್ಪಬೇ?"

"ಮಣ್ಣು ಕೊಟ್ಟು ಬಂದೀವಲ್ಲ, ಅವರs. ಗೋಡಿ ಆಚೆ ಕುಂತು ಕತಿ ಹೇಳಾಕತ್ತಿದ್ರು. ನಿಮ್ಮ ಮನಿಯವರು ಹೂಂ ಹೂಂ ಅಂತಿದ್ರು."

ನೀಲಗಂಗಮ್ಮ ನಕ್ಕಳು. "ಟೇಪದು. ಇವರು ಕಾಪಿ ಮಾಡಾಕತ್ತಿದ್ರು."

"ಟೇಪಂದ್ರ ನನಗ ಗೊತ್ತಿಲ್ಲೇನಕ್ಕಾ? ಆಮ್ಯಾಲ ನಿಮ್ಮವರು ಗೊರಕಿ ಹೊಡ್ಯಾಕತ್ತಿದ್ರು. ಆಗ ಅಪ್ಪಾರು 'ಗಡಿಗೆಪ್ಪಾ, ನಿದ್ದಿ ಹತ್ತೇನು' ಅಂತ ಕರದ್ರು. ಯಾ ಅಲ್ಲಾ, ಮೆತ್ತಗ ಕರದ್ರಕ್ಕಾ, ಮಗನ್ನ ಕರದಂಗ."

ನೀಲಗಂಗಮ್ಮನ ನಗು ಅಲ್ಲಿಗೆ ನಿಂತಿತು. ಅಸಲಿ ಕ್ಯಾಸೆಟ್ಟನ್ನು ಅವಳು ಸವೆಯುವಷ್ಟು ಕೇಳಿದ್ದಳು. ಅದರಲ್ಲಿ ಎಲ್ಲಿಯೂ ಅಪ್ಪ ಗಡಿಗೆಪ್ಪನ ಹೆಸರು ಹಿಡಿದಿರಲಿಲ್ಲ.

ಕಮರುನ್ನೀಸಾ ಬಾಯಿಗೆ ಬಿದ್ದ ಸುದ್ದಿ ಬೆಳಗಾಗುವುದರೊಳಗೆ ಬಸ್‌ಸ್ಟ್ಯಾಂಡ್ ಮುಟ್ಟಿತು. ಗಡಿಗೆಪ್ಪ ಮೈಕ್ ಮುಂದೆ ಕೂತರೆ ಕಿಂಡಿಯ ಮುಂದೆ ಸಾಲು. ರಾಯಚೂರಿನ ಬಸ್ಸು ಎಷ್ಟಕ್ಕೆ ಎಂದು ಯಾರೂ ಕೇಳುತ್ತಿಲ್ಲ. ಗೋಪಮ್ಮ ಎಂಬ ಮುದುಕಿ ತಲೆ ಒಳಗೆ ಹಾಕಿ, "ಯಪ್ಪಾ, ನಿಮ್ಮ ಮಾವಾರು ಬಂದ್ರ ನಮ್ಮತ್ತೀನ ಒಂದು ಮಾತು ಕೇಳಾಕ ಹೇಳು. ಮಾವಿನ ಉಪ್ಪಿನಕಾಯಿಗೆ ಅಕಿ ಏನು ಹಾಕ್ತಿದ್ಲು ಅಂತ. ಸತ್ರೂ ಹೇಳಲಿಲ್ಲ ಹಾಳಾದಾಕಿ" ಎಂದಳು. ಇನ್ನೊಬ್ಬ ತಪ್ಪಿಸಿಕೊಂಡ ಎಮ್ಮೆಯ ಗುರುತು ಹೇಳಿದ. ಸ್ಟ್ಯಾಂಡಿನ ಸಾಹೇಬರು ಕೋಣೆಯೊಳಗೆ ಕರೆದು, "ನೋಡ್ರಿ ಗಡಿಗೆಪ್ಪ, ಹೋದವರ ಸಂಗಾಟ ಮಾತಾಡೋದು ನಿಮ್ಮ ಖಾಸಗಿ ವಿಷಯ. ಡ್ಯೂಟಿ ಟೈಮಿನಾಗ ಬ್ಯಾಡ" ಎಂದರು. ಹೇಳುವಾಗ ಅವರು ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದರು, ಬಾಗಿಲು ತೆರೆದಿಟ್ಟಿದ್ದರು.

"ಅದು ನನ್ನ ಹೂಂರೀ ಸಾಹೇಬರ, ಬರೇ ರೂಢಿ" ಎಂದು ಗಡಿಗೆಪ್ಪ ಗೋಗರೆದ. ಯಾರೂ ನಂಬಲಿಲ್ಲ. ಅವನಿಗೇ ಈಗ ಅಷ್ಟಾಗಿ ನಂಬಿಕೆ ಇರಲಿಲ್ಲ. ರಾತ್ರಿಯೆಲ್ಲ ನೀಲಗಂಗಮ್ಮ "ಅಪ್ಪ ನಿಮ್ಮನ್ನ ಯಾಕ ಕರದ?" ಎಂದು ಕೇಳಿದ್ದಳು.

ಅಷ್ಟರಲ್ಲಿ ಮಾನ್ವಿಯ ಬಸ್ಸು ಬಂತು. "ಸಿರವಾರ ಮ್ಯಾಲ ಮಾನ್ವಿ ಗಾಡಿ ಬಂದದ" ಎಂದು ಒಂದು ಸಲ ಕೂಗಿದ. ಎರಡನೆಯ ಸಲ ಕೂಗುವ ಮೊದಲೇ ಮಹಾಂತಮ್ಮ ಬಸ್ಸಿನಿಂದ ಇಳಿದು ನೆಟ್ಟಗೆ ಕಿಂಡಿಗೆ ಬಂದಳು. ಹಿಂದೆ ಅವಳ ಗಂಡ ಮಲ್ಲಯ್ಯ, ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು, ಆ ಕ್ಯಾಸೆಟ್ಟಿದ್ದ ಚೀಲ ಹಿಡಿದು ಓಡಿಬಂದ.

"ಭಾವಾರ, ನಮ್ಮಪ್ಪನ್ನ ಎಲ್ಲಿ ಇಟ್ಟೀರಿ?" ಎಂದಳು.

ಮೈಕ್ ಆರಿಸಿರಲಿಲ್ಲ. ಸ್ಟ್ಯಾಂಡು, ಸಂತೆ, ಅದರಾಚೆಯ ಗಲ್ಲಿಗಳಿಗೆಲ್ಲ ಆ ಪ್ರಶ್ನೆ ಕೇಳಿಸಿತು.

"ಒಂದು ವರ್ಷ ಆತು. ಅಪ್ಪನ್ನ ಮನ್ಯಾಗ ಕುಂಡ್ರಿಸ್ಕೊಂಡು ಕತಿ ಕೇಳಾಕತ್ತೀರಿ! ನನಗ ಒಂದು ಮಾತು ಹೇಳಿಲ್ಲ. ಅವ ನನಗೂ ಅಪ್ಪ ಅಲ್ಲೇನು? ಆರು ತಿಂಗಳು ನಿಮ್ಮಲ್ಲಿ ಇರಲಿ, ಆರು ತಿಂಗಳು ಮಾನ್ವಿಗೆ ಕಳಸ್ರಿ!"

ಗಡಿಗೆಪ್ಪ ಮೈಕನ್ನು ಹೊಟ್ಟೆಗೆ ಒತ್ತಿ ಹಿಡಿದ. "ಅದು ನಾ ಅಂದ ಹೂಂ ಮಹಾಂತವ್ವಾ. ಕಾಪಿ ಮಾಡಾಗ ಬಾಯಿ ಸುಮ್ನಿರಲಿಲ್ಲ."

"ನಿಮ್ಮ ಹೂಂ ನಿಮ್ಮದು, ಹೌದು. ಉಳದ ಕತಿ ಯಾರದು?"

"ಯಾವ ಉಳದ ಕತಿ?"

ಮಹಾಂತಮ್ಮನ ದನಿ ಇಳಿಯಿತು. "ಇಬ್ಬರು ತಂಗ್ಯಾರು ಬಾಗಲಾಗ ನಿಂತಲ್ಲಿಗೆ ನಿಂದರತಿತ್ತಲ್ಲ. ನೀವು ಹೂಂ ಅಂದೀರಿ. ಅದು ಮುಂದಕ್ಕ ಹೊಂಟದ. ನಾ ಹೆದರಿ ವಯರ್ ಕಿತ್ತೀನಿ."

ಮಲ್ಲಯ್ಯ ಕನ್ನಡಕ ಸರಿಮಾಡಿಕೊಂಡ. "ಅಣ್ಣಾರ, ಇದರಾಗ ಏನೂ ಇಲ್ರಿ. ಇಬ್ಬರೂ ದುಃಖದಾಗ ಅದಾರ, ಕಿವಿಗೆ ಏನೇನೋ ಕೇಳಸ್ತದ. ರಾಯಚೂರಿಗೆ ಹೋಗೂನು ನಡೀರಿ. ಎರಡು ಬಾಯಿಯ ಮಷೀನಿನಾಗ ಅಸಲಿ ಕಾಪಿ ಮಾಡೂನು. ಅದಕ್ಕ ಹೊರಗಿನ ಸದ್ದು ಕೇಳಂಗಿಲ್ಲ. ಇದ್ದದ್ದು ಇದ್ದಂಗ ಬರ್ತದ. ಇದೇ ವಿಜ್ಞಾನ." ಹೀಗೆ ಹೇಳಿದ ಮನುಷ್ಯ ಹಿಂದಿನ ರಾತ್ರಿ ಆ ಕ್ಯಾಸೆಟ್ಟು ಮನೆಯೊಳಗೆ ಇರಬಾರದೆಂದು ಕಟ್ಟೆಯ ಮೇಲಿಟ್ಟು, ಮೇಲೊಂದು ಬುಟ್ಟಿ ಮುಚ್ಚಿ, ಬುಟ್ಟಿಯ ಮೇಲೆ ಕಲ್ಲು ಹೇರಿ ಮಲಗಿದ್ದ.

ಮೈಕಿನಲ್ಲಿ ತಂಗಿಯ ದನಿ ಕೇಳಿದ್ದ ನೀಲಗಂಗಮ್ಮ ಅಸಲಿ ಕ್ಯಾಸೆಟ್ಟನ್ನೂ ಒಂದು ಬಾಯಿಯ ಯಂತ್ರವನ್ನೂ ಚೀಲದಲ್ಲಿ ಹಾಕಿಕೊಂಡು ಸ್ಟ್ಯಾಂಡಿಗೆ ಬಂದಳು. ನಾಲ್ವರೂ ರಾಯಚೂರಿನ ಬಸ್ಸು ಹತ್ತಿದರು. ಜಾತ್ರೆ ಜಾಗರಣೆಗೂ ಸೀಟು ಬಿಡದ ಜನ ಅವರಿಗೆ ಹಿಂದಿನ ಉದ್ದನೆಯ ಸೀಟು ಪೂರ್ತಿ ಬಿಟ್ಟುಕೊಟ್ಟು ಮುಂದೆ ಒತ್ತರಿಸಿ ನಿಂತರು. ನೀಲಗಂಗಮ್ಮ ಈ ಕಿಟಕಿಗೆ, ಮಹಾಂತಮ್ಮ ಆ ಕಿಟಕಿಗೆ. ಒಬ್ಬರನ್ನೊಬ್ಬರು ನೋಡಲಿಲ್ಲ. ಗಂಡಂದಿರು ಹೆಂಡಂದಿರ ಪಕ್ಕದಲ್ಲಿ. ನಡುವೆ ಒಬ್ಬರು ಕೂರುವಷ್ಟು ಜಾಗ ಖಾಲಿ ಉಳಿಯಿತು. ಆ ದಿನ ಪಕೀರಪ್ಪನ ಡ್ಯೂಟಿ ಈ ಬಸ್ಸಿಗೇ ಬಿದ್ದಿತ್ತು. ಅವನು ಟಿಕೆಟು ಹರಿಯುತ್ತಾ ಬಂದು, ಖಾಲಿ ಜಾಗ ನೋಡಿ, ಗಡಿಗೆಪ್ಪನ ಕಿವಿಯಲ್ಲಿ ಕೇಳಿದ:

"ಹಿರ್ಯಾರಿಗೂ ಒಂದು ಹರೀಲೇನ್ರಿ?"

"ಸುಮ್ನಿರೋ ಮಾರಾಯ."

"ಇಲ್ರಿ, ಚೆಕಿಂಗ್‌ನವರು ಬಂದ್ರ ನನ್ನ ಕೊಳ್ಳಿಗೆ ಬರ್ತದ."

ಸೈಫುದ್ದೀನ್ ನಾಲ್ಕು ಮುಖ ನೋಡಿದ ಕೂಡಲೇ ಅಂಗಡಿಯ ಬಾಗಿಲು ಅರ್ಧ ಎಳೆದ. "ಜವಾಬು ಕೊಟ್ರೇನು?" ಎಂದ. ಗಡಿಗೆಪ್ಪ ತಲೆ ತಗ್ಗಿಸಿದ.

ಮೊದಲು ವಿಜ್ಞಾನದ ಸರದಿ. ಎರಡು ಬಾಯಿಯ ಯಂತ್ರದಲ್ಲಿ ಒಂದು ಕಡೆ ಅಸಲಿ, ಒಂದು ಕಡೆ ಖಾಲಿ. ಯಾವ ಬಾಯಿ ಯಾವುದು ಎಂದು ಗಡಿಗೆಪ್ಪ ಪದೇ ಪದೇ ಕೇಳಿ ಎಲ್ಲರ ಜೀವ ತಿಂದ. ಸೈಫುದ್ದೀನ್ ಗುಂಡಿ ಒತ್ತಿದ. ಎರಡೂ ಚಕ್ರಗಳು ಒಂದೇ ಸಮ ತಿರುಗಿ ಮುಗಿದವು. ಹೊಸದನ್ನು ಹಾಕಿ ಕೇಳಿದರು. ಅದೇ ಕೆಮ್ಮು, ಅದೇ ಕತೆ, ಅದೇ ಮೌನಗಳು. ಹೂಂ ಇಲ್ಲ, ಕೋಳಿ ಇಲ್ಲ. "ಯಾರನ್ನ ಒಳಗ ಕರೀಬೇಕು?" ಎಂದಿತು. ಬಹಳ ಹೊತ್ತು ಸುಯ್ ಎಂದು ಕಾದಿತು. "ಮಲಗೀರೇನು? ಹಾಂ, ಮಲಕ್ಕೊಳ್ರಿ."

"ನೋಡಿದ್ರೇನು?" ಎಂದು ಮಲ್ಲಯ್ಯ ಕ್ಲಾಸಿನಲ್ಲಿ ನಿಂತವನಂತೆ ಕೈಕಟ್ಟಿಕೊಂಡ. "ಕತಿ ಇಷ್ಟs. ಈಗ ಅಣ್ಣಾರ ಕಾಪಿ ಹಾಕ್ರಿ. ಹೂಂ ಒಂದು ಬಿಟ್ರ ಇದರಾಗಿದ್ದದ್ದೇ ಅದರಾಗ ಇರ್ತದ."

ಒಂದು ಬಾಯಿಯ ಯಂತ್ರವನ್ನು ಗಡಿಗೆಪ್ಪ ಚೀಲದಿಂದ ತೆಗೆದ. ಹೊರಗೆ ಹೊತ್ತು ಇಳಿದಿತ್ತು. ಅಂಗಡಿಯ ಬಲ್ಬು ವೋಲ್ಟೇಜು ಕಮ್ಮಿಯಾಗಿ ಹಳದಿಗೆ ತಿರುಗಿತು. ಕ್ಯಾಸೆಟ್ಟು ತಿರುಗಲಾರಂಭಿಸಿತು. ಕತೆ, ಹೂಂ, ಕತೆ, ಹೂಂ. ಕೋಳಿ ಕೂಗಿದಾಗ ಮಲ್ಲಯ್ಯ ಮುಗುಳ್ನಕ್ಕ. ತಂಗಿ ಹೊಳ್ಳಿ ನೋಡಿದಳು. ಇಬ್ಬರು ಬಾಗಿಲಿಗೆ ಬಂದರು.

"ಯಾರನ್ನ ಒಳಗ ಕರೀಬೇಕು?"

"ಹೂಂರೀ..." ಎಂದಿತು ಟೇಪಿನೊಳಗಿನ ಗಡಿಗೆಪ್ಪನ ನಿದ್ದೆಗಣ್ಣಿನ ದನಿ.

ಮಲಗೀರೇನು ಎಂಬ ಮಾತು ಬರಲಿಲ್ಲ.

"ಯಾರೋ ಎದ್ದೀರಿ" ಎಂದಿತು ಮುದುಕನ ದನಿ, ಸಮಾಧಾನದಿಂದ. "ಹಂಗಾರ ಕೇಳ್ರಿ. ಅಕ್ಕ ಬಾಗಲಾ ತೆಗೀಲಿಲ್ಲ. ಒಳಗಿಂದ ಅಗಳಿ ಹಿಡಕೊಂಡು ನಿಂತ್ಲು. ಇಬ್ಬರಾಗ ನನ್ನ ತಂಗಿ ಯಾಕಿ ಅಂತ ವಿಚಾರ ಮಾಡಿದ್ಲು."

ಮಲ್ಲಯ್ಯನ ಕೈಗಳು ತಾವಾಗಿ ಕೆಳಗಿಳಿದವು. ಟೇಪಿನಲ್ಲಿ ಈಗ ಬರೀ ಗೊರಕೆ.

"ಗಡಿಗೆಪ್ಪಾ. ನಿದ್ದಿ ಹತ್ತೇನು?"

ಗೊರಕೆ. ಆಮೇಲೆ ಗೊರಕೆಯೂ ನಿಂತಿತು. ಸುಯ್ ಎನ್ನುವ ಸದ್ದೊಂದೇ. ಚಕ್ರಗಳು ತಿರುಗುತ್ತಲೇ ಇದ್ದವು. ಯಾರೋ ಕತ್ತಲಲ್ಲಿ ಕೂತು ಕಿವಿ ಕೊಟ್ಟು ಕಾಯುತ್ತಿದ್ದಾರೆ ಎಂಬುದು ಅಂಗಡಿಯಲ್ಲಿದ್ದ ಎಲ್ಲರಿಗೂ ಗೊತ್ತಾಯಿತು. ಗಡಿಗೆಪ್ಪನ ಬಾಯಿ ರೂಢಿಯಂತೆ ತೆರೆಯಿತು. ಸೈಫುದ್ದೀನ್ ಹಾರಿ ಬಂದು ಅಂಗೈಯಿಂದ ಅದನ್ನು ಮುಚ್ಚಿದ. "ಬ್ಯಾಡ್ರಿ ಸಾಬ್, ಬ್ಯಾಡ್ರಿ" ಎಂದು ಉಸುರಿದ.

ಹೆಂಗಸರ ಬಾಯಿ ಮುಚ್ಚುವುದಕ್ಕೆ ಅವನಿಗೆ ಇನ್ನೆರಡು ಕೈಗಳಿರಲಿಲ್ಲ.

"ಹೂಂ, ಯಪ್ಪಾ" ಎಂದಳು ನೀಲಗಂಗಮ್ಮ.

ಚಕ್ರ ತಿರುಗಿತು. ದನಿ ಬರಲಿಲ್ಲ. ನೀಲಗಂಗಮ್ಮನ ಕಣ್ಣಲ್ಲಿ ನೀರು ತುಂಬಿತು. ಅವಳು ಆ ವರುಷದಲ್ಲಿ ಮೊದಲ ಸಲ ತಂಗಿಯ ಕಡೆ ತಿರುಗಿ ನೋಡಿದಳು. ಮಹಾಂತಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು.

"ಅನ್ನಬೇ" ಎಂದಳು ಅಕ್ಕ. "ಕಾಯಾಕತ್ತಾನ."

ಮಹಾಂತಮ್ಮ ಸೆರಗು ಸರಿಸಿದಳು. "ಹೂಂ" ಎಂದಳು, ಅರ್ಧ ಅಳುತ್ತಾ.

"ಇಬ್ಬರೂ ಎದ್ದೀರೇನವಾ?" ಎಂದಿತು ದನಿ. "ಹಂಗಾರ ಪೂರಾ ಹೇಳ್ತೀನಿ. ಅಕ್ಕ ಒಳಗಿಂದ ಕೇಳಿದ್ಲು, ಯಾರವಾ ಹೊರಗ ಅಂತ. ಹೊರಗಿನ ಒಬ್ಬಾಕಿನೂ ಹಂಗs ಅಂದ್ಲು, ಯಾರವಾ ಹೊರಗ ಅಂತ. ಇನ್ನೊಬ್ಬಾಕಿ ಅಂದ್ಲು, ಕೈ ಸುಡಾಕತ್ತದ ಅಕ್ಕಾ, ಲಗೂನ ಬಾಗಲಾ ತೆಗಿ."

"ಹೂಂ" ಎಂದರು ಇಬ್ಬರೂ.

"ಅಕ್ಕ ಅಗಳಿ ಕಿತ್ತು ಒಗದ್ಲು. ಸುಟ್ಟ ಕೈ ಹಿಡಕೊಂಡು ಊದಿದ್ಲು. ಇಷ್ಟೊತ್ತು ಹೊರಗ ನಿಲ್ಲಿಸಿದ್ನಲ್ಲಬೇ ಅಂತ ಅಕ್ಕನs ಅತ್ಲು. ಇನ್ನೊಬ್ಬಾಕಿ ಹೊರಗs ಉಳದ್ಲು. ಇವತ್ತಿಗೂ ಅದಾಳ, ನೀವು ಅಂದದ್ದನ್ನ ತಿರುಗಿ ಅಂತಾಳ, ಅಷ್ಟs. ಅಕಿಗೆ ಅಂಜಬಾರದು. ಮುಗೀತು ಕತಿ." ಒಂದು ಕೆಮ್ಮು. "ಗಡಿಗೆಪ್ಪನ್ನ ಎಬ್ಬಸ್ರಿ. ಬಸ್ಸಿಗೆ ಹೊತ್ತಾತು."

ಟಪ್ ಎಂದು ಗುಂಡಿ ಮೇಲೆ ಬಂತು.

ಎದುರಿನ ಸ್ಟ್ಯಾಂಡಿನಲ್ಲಿ ದೇವದುರ್ಗದ ಬಸ್ಸು ಹಾರನ್ ಬಡಿಯುತ್ತಿತ್ತು. ನೀಲಗಂಗಮ್ಮ ತಂಗಿಯ ಬಲಗೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡಿದ್ದಳು, ಅಂಗೈ ಬಿಡಿಸಿ ನೋಡುತ್ತಿದ್ದಳು. ಮಲ್ಲಯ್ಯ, "ಇದಕ್ಕ ವೈಜ್ಞಾನಿಕ ಕಾರಣ ಇದ್ದs ಇರ್ತದ" ಎಂದ. ಕಾರಣ ಏನೆಂದು ಯಾರೂ ಕೇಳಲಿಲ್ಲ. ಸೈಫುದ್ದೀನ್ ಗಡಿಗೆಪ್ಪನ ಬಾಯಿಂದ ಕೈ ತೆಗೆದು ಅಂಗಿಗೆ ಒರೆಸಿಕೊಂಡ. ಎಷ್ಟಾದರೂ ವ್ಯಾಪಾರಿ.

"ಯಾವುದು ಕಟ್ಟಲಿ ಸಾಬ್? ಎರಡು ಬಾಯಿದೋ?"

ತೂಕ ನೋಡಿ, ದೀಪ ನೋಡಿ, ಬಡಿದು ನೋಡಿ ಇಡೀ ಒಂದು ಹೊತ್ತು ಕಳೆದಿದ್ದ ಗಡಿಗೆಪ್ಪ ಈ ಸಲ ಎರಡರ ಕಡೆಗೂ ನೋಡಲಿಲ್ಲ. "ಕಿವಿ ಇರೋದು" ಎಂದ.

"ಲಗೂ ಬರ್ರೀ, ಬಸ್ ಹೋಗ್ತದ" ಎಂದು ನೀಲಗಂಗಮ್ಮ ಕೂಗಿದಳು. ಗಡಿಗೆಪ್ಪನಿಗೆ ಆ ಕೂಗು ಕೇಳಿ ಹೋದ ಜೀವ ಬಂದಂತಾಯಿತು. ಹೆಂಡತಿ ಮಾತಾಡುತ್ತಿದ್ದಾಳೆ, ಮೇಲಾಗಿ ಬೈಯುವ ದನಿಯಲ್ಲಿ. ಇನ್ನೇನು ಬೇಕು?

ಮಹಾಂತಮ್ಮ ಮಾನ್ವಿಗೆ ಹೋಗಲಿಲ್ಲ. ಪುಣ್ಯತಿಥಿಗೆ ಅಕ್ಕನ ಮನೆಯಿಂದಲೇ ಅರಕೇರಾಕ್ಕೆ ಹೋಗುವುದೆಂದು ಆಯಿತು. ಬಸ್ಸಿನ ಹಿಂದಿನ ಸೀಟಿನಲ್ಲಿ ಅಕ್ಕ ತಂಗಿ ಒಂದೇ ಕಿಟಕಿಗೆ ಒತ್ತಿಕೊಂಡು ಕೂತು, ವರುಷದ ಮಾತನ್ನೆಲ್ಲ ಒಂದೇ ಸಮ ಆಡಲಾರಂಭಿಸಿದರು. ಒಬ್ಬಳು ಹೇಳುತ್ತಿದ್ದಳು, ಇನ್ನೊಬ್ಬಳು ಹೂಂ ಅನ್ನುತ್ತಿದ್ದಳು. ಮಲ್ಲಯ್ಯ ಕಣ್ಣು ಮುಚ್ಚಿ ಕೂತಿದ್ದ, ನಿದ್ದೆ ಬಂದಿರಲಿಲ್ಲ. ಗಡಿಗೆಪ್ಪ ಒಂದು ಬಾಯಿಯ ಟೇಪನ್ನು ಬಟ್ಟೆಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಿದ್ದ. ಅದಕ್ಕೆ ಕರೆಂಟಿನ ವಯರ್ ಇರಲಿಲ್ಲ, ಅದು ಚೀಲದಲ್ಲಿತ್ತು. ಸೆಲ್ಲೂ ಹಾಕಿರಲಿಲ್ಲ.

ಪಕೀರಪ್ಪ ಬಾಗಿಲಲ್ಲಿ ನಿಂತು, ಸೀಟಿ ಬಾಯಿಗಿಡುವ ಮೊದಲು ಹಿಂದಕ್ಕೆ ನೋಡಿ ಕೂಗಿದ. "ಎಲ್ಲಾರೂ ಹತ್ತೀರೇನ್ರಿ?"

ಗಡಿಗೆಪ್ಪ ಬಾಯಿ ತೆರೆಯುವ ಮೊದಲೇ, ಅವನ ತೊಡೆಯ ಮೇಲಿನ ಬಟ್ಟೆಯೊಳಗಿಂದ ಮೆತ್ತಗೆ ಜವಾಬು ಬಂತು.

"ಹೂಂ."

ಪಕೀರಪ್ಪ ಐದನೆಯ ಟಿಕೆಟು ಹರಿದು ಗಡಿಗೆಪ್ಪನ ಕೈಗೆ ಕೊಟ್ಟು, ಸೀಟಿ ಊದಿದ.